ವಾಂತಿ-ಭೇದಿ ಊರಿಗೆ ಬರುವ ಮೊದಲೇ: ನೀರು, ಸೊಳ್ಳೆ, ಕೊಳಚೆಗೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ಕೆಲವರು ವಾಪಸ್ ಬರಲಿಲ್ಲ. ಅದರ ಹಿಂದಿನ ವರ್ಷ ರಾಯಚೂರು ನಗರದಲ್ಲೂ ಕಲುಷಿತ ನೀರಿಗೆ ಜನ ಸತ್ತಿದ್ದರು. ಇಂಥದ್ದು ಎಲ್ಲಿ ಆದರೂ ಆಮೇಲೆ ನಡೆಯುವ ಕೆಲಸಗಳು ಅವೇ. ಟ್ಯಾಂಕ್ ತೊಳೆಯುತ್ತಾರೆ, ಪೈಪ್ ಅಗೆದು ನೋಡುತ್ತಾರೆ, ನೀರನ್ನು ಲ್ಯಾಬಿಗೆ ಕಳಿಸುತ್ತಾರೆ, ಮನೆಮನೆಗೆ ಬಂದು ಕೇಳುತ್ತಾರೆ. ಗಮನಿಸಿ ನೋಡಿದರೆ ಇದರಲ್ಲಿ ಹೊಸದೇನೂ ಇಲ್ಲ. ಎಲ್ಲವೂ ಯಾರಾದರೊಬ್ಬರ ದಿನನಿತ್ಯದ ಕೆಲಸವೇ. ಅದಕ್ಕೆ ಜನ ಇದ್ದಾರೆ, ಸಂಬಳ ಇದೆ, ರಿಜಿಸ್ಟರ್ ಕೂಡ ಇದೆ.

ಆ ಕೆಲಸ ಮೊದಲೇ ಆಗುವಂತೆ ಊರಿನವರು ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಗ್ರಾಮ ಪಂಚಾಯಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಟ್ಟಣದವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಂತ ಇದ್ದಲ್ಲಿ ಪುರಸಭೆಯ ಮುಖ್ಯಾಧಿಕಾರಿ ಅಥವಾ ಹೆಲ್ತ್ ಇನ್‌ಸ್ಪೆಕ್ಟರ್ ಅಂತ ಓದಿಕೊಂಡರೆ ಬಹುಪಾಲು ಹೊಂದುತ್ತದೆ.

ಮೊದಲ ಹೆಜ್ಜೆ: ಯಾರು ಯಾರು ಅಂತ ತಿಳಿಯಿರಿ

ನಮ್ಮಲ್ಲಿ ಹೆಚ್ಚಿನವರಿಗೆ ಪಂಚಾಯಿತಿ ಅಧ್ಯಕ್ಷರ ಹೆಸರು ಗೊತ್ತು, ಊರಿಗೆ ಬರುವ ಆರೋಗ್ಯ ನಿರೀಕ್ಷಣಾಧಿಕಾರಿಯ ಹೆಸರು ಗೊತ್ತಿಲ್ಲ. ಒಂದು ಹಾಳೆ ತೆಗೆದುಕೊಂಡು ಇಷ್ಟು ಜನರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ.

ನೀರುಗಂಟಿ: ಮೋಟರ್ ಹಾಕುವವರು, ವಾಲ್ವ್ ತಿರುಗಿಸುವವರು. ಟ್ಯಾಂಕಿಗೆ ಬ್ಲೀಚಿಂಗ್ ಹಾಕುವುದೂ ಇವರೇ.

ಪಿಡಿಒ: ನೀರು, ಚರಂಡಿ, ಕಸ ಎಲ್ಲದರ ಲೆಕ್ಕ, ಹಣ, ಸಹಿ ಇವರ ಮೇಜಿನ ಮೇಲೆ.

ಆಶಾ ಕಾರ್ಯಕರ್ತೆ: ಯಾವ ಮನೆಯಲ್ಲಿ ಜ್ವರ ಇದೆ ಅಂತ ಊರಿನಲ್ಲಿ ಮೊದಲು ಗೊತ್ತಾಗುವುದು ಇವರಿಗೆ.

ಆರೋಗ್ಯ ನಿರೀಕ್ಷಣಾಧಿಕಾರಿ: ಹಿಂದೆ ಕಿರಿಯ ಆರೋಗ್ಯ ಸಹಾಯಕರು ಅಂತಿದ್ದರು. ಲಾರ್ವಾ (ನೀರಿನಲ್ಲಿರುವ ಸೊಳ್ಳೆ ಮರಿ) ಸಮೀಕ್ಷೆ, ನೀರಿನ ಮಾದರಿ, ಜ್ವರದ ಸಮೀಕ್ಷೆ ಇವರ ಪಾಲಿಗೆ. ಒಂದು ಉಪಕೇಂದ್ರಕ್ಕೆ ಬಯಲು ಸೀಮೆಯಲ್ಲಿ ಸುಮಾರು 5,000 ಜನ, ಗುಡ್ಡಗಾಡಿನಲ್ಲಿ 3,000 ಜನ ಅನ್ನುವುದು ಸರ್ಕಾರದ ಲೆಕ್ಕ. ಎಷ್ಟೋ ಕಡೆ ಈ ಹುದ್ದೆ ಖಾಲಿ ಇದ್ದು, ಒಬ್ಬರೇ ಎರಡು ಮೂರು ಕಡೆ ಓಡಾಡುತ್ತಿರುತ್ತಾರೆ. ನಿಮ್ಮ ಊರಿಗೆ ಬರುವವರು ಯಾರು, ಯಾವ ವಾರ ಬರುತ್ತಾರೆ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹೇಳುತ್ತಾರೆ.

ಇನ್ನೊಂದು ಹೆಸರು ಹಾಳೆಯಲ್ಲಿರಲಿ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಶುರುವಾದಾಗ ಬಂದ ವ್ಯವಸ್ಥೆ ಇದು. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಊರಿನ ಜನ ಇದರಲ್ಲಿರುತ್ತಾರೆ. ತಿಂಗಳಿಗೊಮ್ಮೆ ಸಭೆ ಸೇರಬೇಕು. ಸಣ್ಣಪುಟ್ಟ ಖರ್ಚಿಗೆ ಒಂದಿಷ್ಟು ಮುಕ್ತ ನಿಧಿ ಬರುತ್ತದೆ. ಕಾಗದದ ಮೇಲೆ ಮಾತ್ರ ಸಭೆ ನಡೆಯುವ ಊರುಗಳೂ ಇವೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಮುಂದಿನ ಸಭೆ ಯಾವತ್ತು ಅಂತ ಆಶಾ ಅವರನ್ನು ಕೇಳಿ, ಹೋಗಿ ಕೂತುಕೊಳ್ಳಿ. ಕೇಳುವವರು ಒಬ್ಬರು ಬಂದರೆ ಸಭೆ ತಾನಾಗಿಯೇ ನಡೆಯಲು ಶುರುವಾಗುತ್ತದೆ.

ಎರಡನೆಯದು: ಬೋರ್‌ವೆಲ್‌ನಿಂದ ಕೊನೇ ನಲ್ಲಿಯವರೆಗೆ ನಡೆಯಿರಿ

ಲ್ಯಾಬ್ ರಿಪೋರ್ಟ್‌ಗಿಂತ ಮೊದಲು ಕಾಲು ಬೇಕು. ಒಂದು ಬೆಳಿಗ್ಗೆ ನೀರುಗಂಟಿಯವರ ಜೊತೆ ಹೋಗಿ. ಅವರನ್ನು ಕಳ್ಳನನ್ನು ಹಿಡಿಯುವ ಹಾಗೆ ವಿಚಾರಿಸಬೇಡಿ. ಕಡಿಮೆ ಸಂಬಳಕ್ಕೆ ದಿನವೂ ಬೈಗುಳ ತಿನ್ನುವ ಕೆಲಸ ಅದು. ಊರಿನ ಪೈಪ್‌ಗಳ ನಕ್ಷೆ ಬಹಳ ಕಡೆ ಅವರ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ.

ಬೋರ್‌ವೆಲ್ ಹತ್ತಿರ ನೋಡಬೇಕಾದ್ದು ಸುತ್ತಲಿನ ಕಾಂಕ್ರೀಟ್ ಕಟ್ಟೆ ಬಿರುಕು ಬಿಟ್ಟಿದೆಯಾ, ನೀರು ನಿಂತು ಒಳಗೇ ಇಳಿಯುತ್ತಿದೆಯಾ ಅಂತ. ಹತ್ತಿರದಲ್ಲಿ ತಿಪ್ಪೆ, ಶೌಚಾಲಯದ ಗುಂಡಿ, ದನದ ಕೊಟ್ಟಿಗೆ ಇದ್ದರೆ ಬರೆದುಕೊಳ್ಳಿ. ಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಕನಿಷ್ಠ 15 ಮೀಟರ್ ದೂರ ಇರಲಿ. ಬಂಡೆಯ ಬಿರುಕಿರುವ ನೆಲದಲ್ಲಿ ಇನ್ನೂ ಜಾಸ್ತಿ ಬೇಕು.

ಓವರ್‌ಹೆಡ್ ಟ್ಯಾಂಕಿನ ಮೈಮೇಲೆ ತೊಳೆದ ದಿನಾಂಕ, ಮುಂದೆ ತೊಳೆಯುವ ದಿನಾಂಕ ಬರೆದಿರುತ್ತಾರೆ. ಹಳೇ ದಿನಾಂಕ ಇದ್ದರೆ ಫೋಟೋ ತೆಗೆಯಿರಿ. ಮುಚ್ಚಳ ಇದೆಯಾ? ಗಾಳಿ ಕೊಳವೆಗೆ ಜಾಲರಿ ಇದೆಯಾ? ಪಾರಿವಾಳ, ಹಲ್ಲಿ, ಕೋತಿ ಯಾವುದೂ ಒಳಗೆ ಇಳಿಯಬಾರದು. ಮೇಲೆ ಹತ್ತುವುದು ನಿಮ್ಮ ಕೆಲಸವಲ್ಲ. ಏಣಿ ತುಕ್ಕು ಹಿಡಿದಿರುತ್ತದೆ. ಹತ್ತುವವರ ಫೋನಿನಲ್ಲಿ ಫೋಟೋ ತರಿಸಿಕೊಳ್ಳಿ.

ಈಗ ಮುಖ್ಯ ಜಾಗಕ್ಕೆ ಬರೋಣ: ಚರಂಡಿ ದಾಟುವ ಪೈಪ್. ಅಪಾಯ ಹೆಚ್ಚಾಗಿ ಬರುವುದು ಇಲ್ಲಿಂದಲೇ. ನಮ್ಮ ಕಡೆ ನೀರು ಬಿಡುವುದು ದಿನಕ್ಕೆ ಒಂದೆರಡು ಗಂಟೆ, ಕೆಲವು ಕಡೆ ವಾರಕ್ಕೆ ಎರಡು ಸಲ. ನೀರು ಹರಿಯುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಒಡೆದ ಜಾಗದಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತ ಮೇಲೆ ಪೈಪ್ ಖಾಲಿಯಾಗಿ ಹೊರಗಿನದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಒಡಕು ಚರಂಡಿಯೊಳಗಿದ್ದರೆ ಏನು ಒಳಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮನೆಯವರು ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆದರೆ ಇದು ಇನ್ನೂ ಜೋರಾಗುತ್ತದೆ. ನಲ್ಲಿ ಎತ್ತರ ಸಾಲದು ಅಂತ ಅಂಗಳದಲ್ಲಿ ಗುಂಡಿ ತೋಡಿ ಪೈಪ್ ಬಿಚ್ಚಿ ನೀರು ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಟ್ಯಾಂಕ್ ಎಷ್ಟು ಸಲ ತೊಳೆದರೂ ಇದಕ್ಕೆ ಪರಿಹಾರ ಆಗುವುದಿಲ್ಲ.

ಆದ್ದರಿಂದ ಚರಂಡಿಯೊಳಗೆ ಮುಳುಗಿರುವ ಪ್ರತಿ ಪೈಪು, ಪ್ರತಿ ಗುಂಡಿ ನಲ್ಲಿ, ತೊಟ್ಟಿಕ್ಕುವ ಪ್ರತಿ ವಾಲ್ವ್, ಇವುಗಳ ಪಟ್ಟಿ ಮಾಡಿ. ಯಾರ ಮನೆ ಎದುರು ಅಂತ ಗುರುತು ಹಾಕಿ. ಪಂಚಾಯಿತಿಗೆ ಕೊಡುವ ಅರ್ಜಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಮೂರನೆಯದು: ನೀರನ್ನು ಪರೀಕ್ಷೆ ಮಾಡಿಸಿ, ರಿಪೋರ್ಟ್ ಓದಲು ಕಲಿಯಿರಿ

2019ರಲ್ಲಿ ಬಂದ ಜಲ ಜೀವನ್ ಮಿಷನ್, ಅಂದರೆ ನಮ್ಮ 'ಮನೆ ಮನೆಗೆ ಗಂಗೆ' ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಅಂತ ಇದೆ. ಪಂಚಾಯಿತಿಯಲ್ಲಿ ಒಂದು ಕಿಟ್ ಇರುತ್ತದೆ. ಅದು ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ರಾಸಾಯನಿಕದ ಬಾಟಲಿಗಳ ಮೇಲೆ ಅವಧಿ ಮುಗಿದಿದೆಯಾ ನೋಡಿ, ಮುಗಿದಿದ್ದರೆ ಹೊಸದು ಕೇಳಿ. ಜೊತೆಗೆ, ನೀರಿನ ಮೂಲಗಳನ್ನು ಲ್ಯಾಬಿನಲ್ಲಿ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆಗೆ, ಎರಡು ಸಲ ಬ್ಯಾಕ್ಟೀರಿಯಾ ಪರೀಕ್ಷೆಗೆ ಒಳಪಡಿಸಬೇಕು. ಆ ರಿಪೋರ್ಟಿನ ನಕಲು ಕೇಳಿ ಪಡೆಯಿರಿ.

ನೀವೇ ಮಾದರಿ ಕೊಡುವುದಾದರೆ ಸುಮ್ನೆ ಹಳೇ ಜ್ಯೂಸ್ ಬಾಟಲಿಯಲ್ಲಿ ಹಿಡಿದುಕೊಂಡು ಹೋಗಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಸೋಂಕು ತೆಗೆದ ಬಾಟಲಿ ಕೊಡುತ್ತಾರೆ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಬಾಟಲಿಯ ಬಾಯಿ ಮುಟ್ಟದೆ ತುಂಬಿ, ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ತಡವಾದಷ್ಟೂ ಫಲಿತಾಂಶ ನಂಬುವ ಹಾಗಿರುವುದಿಲ್ಲ. ಒಂದು ಮಾದರಿ ಟ್ಯಾಂಕಿನ ಹತ್ತಿರದ್ದು, ಇನ್ನೊಂದು ಊರಿನ ಕೊನೇ ನಲ್ಲಿಯದ್ದು ಇರಲಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕೆಟ್ಟಿದ್ದರೆ ತಪ್ಪು ನಡುವಿನ ಪೈಪಿನಲ್ಲಿದೆ.

ರಿಪೋರ್ಟಿನಲ್ಲಿ ನೋಡಬೇಕಾದ ಸಾಲುಗಳು ನಾಲ್ಕೇ. ಇ. ಕೋಲೈ: 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು. ಇದ್ದರೆ ಮಲ ಎಲ್ಲಿಂದಲೋ ಸೇರುತ್ತಿದೆ ಅಂತಲೇ ಅರ್ಥ. ಫ್ಲೋರೈಡ್: ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್: 45 ಮಿ.ಗ್ರಾಂ ಒಳಗೆ. ಉಳಿಕೆ ಕ್ಲೋರಿನ್, ಅಂದರೆ ಬ್ಲೀಚಿಂಗ್ ಹಾಕಿದ ಮೇಲೆ ನಲ್ಲಿ ನೀರಿನಲ್ಲಿ ಉಳಿದದ್ದು: ಕನಿಷ್ಠ 0.2 ಮಿ.ಗ್ರಾಂ.

ಇವುಗಳಲ್ಲಿ ಜನ ಜಾಸ್ತಿ ತಪ್ಪು ತಿಳಿದಿರುವುದು ಫ್ಲೋರೈಡ್ ಬಗ್ಗೆ. ಪಾವಗಡ, ಚಿತ್ರದುರ್ಗ, ಕೋಲಾರ, ಕೊಪ್ಪಳ, ರಾಯಚೂರು ಕಡೆಯವರಿಗೆ ಹಲ್ಲು ಕಂದುಗಟ್ಟಿದ ಮಕ್ಕಳನ್ನೂ ಬೆನ್ನು ಬಾಗಿದ ಹಿರಿಯರನ್ನೂ ನೋಡಿ ಗೊತ್ತು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ನೈಟ್ರೇಟ್ ಕತೆಯೂ ಅದೇ. ಎಳೇ ಮಕ್ಕಳಿಗೆ ಬಾಟಲಿ ಹಾಲು ಕಲಸುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಕುದಿಸುವುದು ರೋಗಾಣುಗಳಿಗೆ ಮದ್ದು, ಖನಿಜಕ್ಕಲ್ಲ. ಫ್ಲೋರೈಡ್ ಇರುವ ಊರಿನಲ್ಲಿ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೋ ಸರಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಘಟಕ ಇದ್ದರೆ ಸಾಲದು, ಫಿಲ್ಟರ್ ಯಾವಾಗ ಬದಲಿಸಿದರು ಅಂತಲೂ ಕೇಳಿ. ಹೊರಗೆ ಬರುವ ನೀರನ್ನೂ ಕಿಟ್‌ನಲ್ಲಿ ಹಾಕಿ ನೋಡಿ.

ಬ್ಲೀಚಿಂಗ್ ಪುಡಿಯ ಲೆಕ್ಕ

ಇದಕ್ಕೆ ಬೇರೆಯಾಗಿಯೇ ಜಾಗ ಕೊಡಬೇಕು. ಯಾಕೆಂದರೆ ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಉಪಯೋಗದ್ದು, ಅತಿ ಹೆಚ್ಚು ಅಂದಾಜಿನಲ್ಲಿ ನಡೆಯುವುದು ಇದೇ. 'ಒಂದೆರಡು ಹಿಡಿ ಹಾಕಿದೆ ಸಾರ್' ಅನ್ನುವುದು ಲೆಕ್ಕವಲ್ಲ.

ತಿಳಿಯಾದ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಬೇಕಾಗುತ್ತದೆ. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ನೀರು ಕಲಕಲಾಗಿದ್ದರೆ ಜಾಸ್ತಿ ಬೇಕು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ನೀರು ತುಂಬಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಟ್ಟು ವಾಲ್ವ್ ತೆರೆಯಬೇಕು. ಈ ಒಂದು ಗಂಟೆಯನ್ನೇ ಬಹಳ ಕಡೆ ಬಿಡುವುದಿಲ್ಲ.

ಒಳ್ಳೆಯ ಪುಡಿಯಲ್ಲಿ ಶೇ. 30ಕ್ಕಿಂತ ಜಾಸ್ತಿ ಕ್ಲೋರಿನ್ ಇರುತ್ತದೆ. ಚೀಲ ಬಿಚ್ಚಿ ಬಿಸಿಲು, ತೇವದಲ್ಲಿಟ್ಟರೆ ಶಕ್ತಿ ಹೋಗುತ್ತದೆ. ಕೊನೆಗೆ ಬಿಳೀ ಸುಣ್ಣ ಮಾತ್ರ ಉಳಿಯುತ್ತದೆ. ಅದಕ್ಕೇ ಎಷ್ಟು ಹಾಕಿದರು ಅನ್ನುವುದಕ್ಕಿಂತ ಕೊನೇ ನಲ್ಲಿಯಲ್ಲಿ ಎಷ್ಟು ಉಳಿದಿದೆ ಅನ್ನುವುದು ಮುಖ್ಯ. ಕಿಟ್‌ನಲ್ಲಿ ಕ್ಲೋರಿನ್ ಪರೀಕ್ಷೆ ಒಂದೇ ನಿಮಿಷದ್ದು. ನೀರಿಗೆ ಹನಿ ಹಾಕಿ, ಬಂದ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿದರೆ ಆಯಿತು. ಊರಿನ ಕೊನೇ ಮನೆಯ ಶಾಲೆ ಹುಡುಗಿಗೂ ಕಲಿಸಬಹುದು. ದಿನಾಂಕ ಹಾಕಿ ಅಂಗನವಾಡಿ ಗೋಡೆಯ ಮೇಲೆ ಬರೆಯಿರಿ. ಕ್ಲೋರಿನ್ ವಾಸನೆ ಅಂತ ಬೈಯುವವರು ಇದ್ದೇ ಇರುತ್ತಾರೆ. ನೀರನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ವಾಸನೆ ಕಡಿಮೆಯಾಗುತ್ತದೆ ಅಂತ ಹೇಳಿ.

ಸೊಳ್ಳೆ: ಹೊಗೆ ಕೇಳಬೇಡಿ, ಲೆಕ್ಕ ಕೇಳಿ

ಡೆಂಗಿ ಬಂತೆಂದರೆ ಊರಿನವರ ಮೊದಲ ಬೇಡಿಕೆ ಫಾಗಿಂಗ್. ಗಾಡಿ ಬಂದು ಬುಸುಬುಸು ಹೊಗೆ ಬಿಟ್ಟರೆ ಎಲ್ಲರಿಗೂ ಸಮಾಧಾನ. ನನ್ನ ಮಟ್ಟಿಗೆ ಅದು ಅರ್ಧ ನಾಟಕ. ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ಡ್ರಮ್ಮಿನಲ್ಲಿರುವ ಲಾರ್ವಾಕ್ಕೆ ಏನೂ ಆಗುವುದಿಲ್ಲ. ಎರಡು ಮೂರು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ರೋಗಿ ಸಿಕ್ಕ ಮನೆಯ ಸುತ್ತ ತಕ್ಷಣ ಹೊಗೆ ಹಾಕುವುದಕ್ಕೆ ಅರ್ಥ ಇದೆ. ಊರೆಲ್ಲ ಸುತ್ತಿಸುವುದಕ್ಕೆ ಅಷ್ಟಿಲ್ಲ.

ಡೆಂಗಿಯ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯ ಸ್ವಚ್ಛ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಹಾಗಾಗಿ ವಾರಕ್ಕೊಂದು ದಿನ ಎಲ್ಲ ನೀರನ್ನೂ ಖಾಲಿ ಮಾಡಿದರೆ ಸರಪಳಿ ತುಂಡಾಗುತ್ತದೆ. ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಬ್ರಶ್ಶಿನಿಂದ ಉಜ್ಜಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಡ್ರಮ್, ಸಂಪು ಎಲ್ಲರಿಗೂ ನೆನಪಾಗುತ್ತವೆ. ಮರೆಯುವವು ಬೇರೆ: ಫ್ರಿಜ್ ಹಿಂದಿನ ತಟ್ಟೆ, ಹಿತ್ತಲಿನ ಒರಳುಕಲ್ಲು, ಟೈರು, ಟಾರ್ಪಾಲಿನ ಮಡಿಕೆ, ತೆಂಗಿನ ಚಿಪ್ಪು, ಅಡಿಕೆ ಹಾಳೆ, ರಬ್ಬರ್ ತೋಟದ ಬಟ್ಟಲು.

ಇಲ್ಲಿ ಆರೋಗ್ಯ ಇಲಾಖೆಯನ್ನು ಕೇಳಬೇಕಾದ್ದು ಒಂದು ಸಂಖ್ಯೆ. 100 ಮನೆ ನೋಡಿದಾಗ ಎಷ್ಟು ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು? ಇದನ್ನು ಬ್ರೆಟೋ ಸೂಚ್ಯಂಕ ಅನ್ನುತ್ತಾರೆ. ಆಶಾ, ನಿರೀಕ್ಷಣಾಧಿಕಾರಿ ಸಮೀಕ್ಷೆ ಮಾಡಿದ ದಿನ ಈ ಲೆಕ್ಕ ಬರೆದಿಡುತ್ತಾರೆ. ಹೋದ ತಿಂಗಳು ಎಷ್ಟಿತ್ತು, ಈ ತಿಂಗಳು ಎಷ್ಟು ಅಂತ ಕೇಳಿದರೆ ಯಾವ ಕೇರಿಯಲ್ಲಿ ಕೆಲಸ ಆಗಬೇಕು ಅನ್ನುವುದು ಸ್ಪಷ್ಟವಾಗುತ್ತದೆ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಕೇಳಿ. ಬಹಳ ಆರೋಗ್ಯ ಕೇಂದ್ರಗಳಲ್ಲಿ ಸಾಕಿರುತ್ತಾರೆ. ಕೆರೆ, ಹಳ್ಳಕ್ಕೆ ಮಾತ್ರ ಬಿಡಬೇಡಿ, ಅಲ್ಲಿನ ಊರ ಮೀನಿಗೆ ತೊಂದರೆ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಇಟ್ಟಿತು. ಮನೆಗಳಿಗೆ ಹಳ್ಳಿಯಲ್ಲಿ 200, ಪಟ್ಟಣದಲ್ಲಿ 400 ರೂಪಾಯಿ. ಕಟ್ಟಡ ಕಾಮಗಾರಿ, ಖಾಲಿ ನಿವೇಶನಗಳಿಗೆ ಹಳ್ಳಿಯಲ್ಲಿ 1,000, ಪಟ್ಟಣದಲ್ಲಿ 2,000. ಪಕ್ಕದ ಅರ್ಧ ಕಟ್ಟಿದ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ನಿಂತಿದ್ದು, ಮಾಲೀಕ ಊರಲ್ಲೇ ಇಲ್ಲದಿದ್ದರೆ ದೂರಿನಲ್ಲಿ ಈ ನಿಯಮವನ್ನು ಹೇಳಿ. ಬಡವರ ಡ್ರಮ್ಮಿಗೆ ದಂಡ ಹಾಕಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ದಿನಾ ನೀರು ಬಂದರೆ ಯಾರೂ ಡ್ರಮ್ ತುಂಬಿಡುವುದಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಗೆ ಮುಂಚೆ ಶುರುವಾಗಿ ಮಳೆಯವರೆಗೂ ಇರುತ್ತದೆ. ಕಾಡಿನಲ್ಲೋ ತೋಟದಲ್ಲೋ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆ ಜಾಗದಲ್ಲಿ ಓಡಾಡಬೇಡಿ, ಉಣುಗು ಉದುರಿರುತ್ತದೆ. ಅದೇ ದಿನ ಆಶಾ ಅವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ತರಗೆಲೆ, ಸೌದೆಗೆ ಹೋಗುವ ಮೊದಲು ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೇಳಿ ಪಡೆಯಿರಿ.

ಶೌಚಾಲಯದ ಗುಂಡಿ, ಕಸ, ತಿಂಡಿ ಗಾಡಿ

ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ಖಾಲಿ ಮಾಡಿಸಿ. ಒಳಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ವಿಷಾನಿಲಕ್ಕೆ ಜನ ಈಗಲೂ ಸಾಯುತ್ತಿದ್ದಾರೆ. ಸಕ್ಕಿಂಗ್ ಗಾಡಿಯವರನ್ನು ಎಲ್ಲಿ ಸುರಿಯುತ್ತೀರಿ ಅಂತ ಕೇಳಿ. ಹಳ್ಳಕ್ಕೆ ಅಂದರೆ ಬೇರೆಯವರನ್ನು ಕರೆಯಿರಿ, ಪಂಚಾಯಿತಿಗೂ ತಿಳಿಸಿ. ಕಸದ ವಿಷಯಕ್ಕೆ ಹಸಿ, ಒಣ ಬೇರೆ ಮಾಡಿ ಕೊಡುವುದು ನಮ್ಮ ಕೆಲಸ, ಗಾಡಿ ನಿಯಮಿತವಾಗಿ ಬರುವುದು ಪಂಚಾಯಿತಿ ಕೆಲಸ. ತಿಂಡಿ ಗಾಡಿ, ಹೋಟೆಲ್ ದೂರು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಹೋಗಬೇಕು. ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು 2024ರ ಮಾರ್ಚ್‌ನಲ್ಲೇ ರಾಜ್ಯದಲ್ಲಿ ನಿಷೇಧಿಸಿದ್ದಾರೆ.

ಒಂದೇ ಕೇರಿಯಲ್ಲಿ ಮೂರು ನಾಲ್ಕು ಮನೆಗೆ ವಾಂತಿ-ಭೇದಿ ಆದರೆ

ಮದುವೆ ಊಟ, ಹವಾಮಾನ ಅಂತ ಕಾರಣ ಹುಡುಕುತ್ತಾ ಕೂರಬೇಡಿ. ಆಗಲೇ ಆಶಾ ಅವರಿಗೂ ಆರೋಗ್ಯ ಕೇಂದ್ರದ ವೈದ್ಯರಿಗೂ ಫೋನ್ ಮಾಡಿ. ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸ್ 108. ರೋಗಿಗೆ ಓಆರ್‌ಎಸ್ ಕುಡಿಸುತ್ತಲೇ ಇರಿ, ಮಗು ಮಂಕಾದರೆ ಅಥವಾ ಮೂತ್ರ ನಿಂತರೆ ಕಾಯದೆ ಆಸ್ಪತ್ರೆಗೆ ಸಾಗಿಸಿ.

ನೀರುಗಂಟಿಗೆ ಹೇಳಿ ಆ ಕೇರಿಯ ಪೂರೈಕೆ ನಿಲ್ಲಿಸಿ, ಪಂಚಾಯಿತಿಯಿಂದ ಟ್ಯಾಂಕರ್ ಕೇಳಿ. ಎಲ್ಲರೂ ಇಲ್ಲಿ ಒಂದು ತಪ್ಪು ಮಾಡುತ್ತಾರೆ: ಗಾಬರಿಯಲ್ಲಿ ಮೊದಲು ಟ್ಯಾಂಕಿಗೆ ಬ್ಲೀಚಿಂಗ್ ಸುರಿಯುತ್ತಾರೆ, ಆಮೇಲೆ ಮಾದರಿ ತೆಗೆಯುತ್ತಾರೆ. ಆಗ ಲ್ಯಾಬಿನಲ್ಲಿ ಏನೂ ಸಿಗುವುದಿಲ್ಲ. 'ನೀರು ಸರಿ ಇದೆ' ಅಂತ ರಿಪೋರ್ಟ್ ಬರುತ್ತದೆ, ಒಡೆದ ಪೈಪ್ ಹಾಗೇ ಉಳಿಯುತ್ತದೆ. ಮೊದಲು ಮಾದರಿ, ಆಮೇಲೆ ಬ್ಲೀಚಿಂಗ್. ಕಾಯಿಲೆ ಬಿದ್ದವರ ಮನೆ, ಶುರುವಾದ ದಿನ, ಅವರು ಕುಡಿದ ನೀರು ಯಾವ ನಲ್ಲಿಯದ್ದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಬರುವ ತಂಡಕ್ಕೆ ಕೊಡಿ. ಎರಡನೇ ಹೆಜ್ಜೆಯಲ್ಲಿ ಮಾಡಿದ ಪೈಪುಗಳ ಪಟ್ಟಿಯ ಪಕ್ಕ ಇಟ್ಟರೆ ಎಲ್ಲಿ ಅಗೆಯಬೇಕು ಅನ್ನುವುದು ಬಹುತೇಕ ಗೊತ್ತಾಗಿಬಿಡುತ್ತದೆ.

ಅರ್ಜಿ ಬರೆಯುವುದು

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. 'ಊರಿನಲ್ಲಿ ಸ್ವಚ್ಛತೆ ಇಲ್ಲ' ಅಂತ ಬರೆದರೂ ಅಷ್ಟೇ. ಒಂದು ಅರ್ಜಿಗೆ ಒಂದೇ ವಿಷಯ ಇರಲಿ. ಹೀಗೆ ಬರೆಯಬಹುದು:

'ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ. ವಿಷಯ: ಕುಡಿಯುವ ನೀರಿನ ಪೈಪ್ ಚರಂಡಿಯಲ್ಲಿ ಒಡೆದಿರುವ ಬಗ್ಗೆ. ನಮ್ಮ ಗ್ರಾಮದ ಮಾರಮ್ಮನ ಗುಡಿ ಬೀದಿಯಲ್ಲಿ ಎರಡು ಕಡೆ ನೀರಿನ ಪೈಪ್ ಚರಂಡಿಯೊಳಗೆ ಒಡೆದಿದೆ (ಫೋಟೋ ಲಗತ್ತಿಸಿದೆ). ಬೀದಿಯ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಕಂಡುಬಂದಿಲ್ಲ. ಏಳು ದಿನದೊಳಗೆ ಪೈಪ್ ದುರಸ್ತಿ ಮಾಡಿಸಿ, ಅಲ್ಲಿಯವರೆಗೆ ಟ್ಯಾಂಕರ್ ನೀರು ಕೊಡಿಸಿ, ದುರಸ್ತಿಯ ನಂತರ ಮಾದರಿ ಪರೀಕ್ಷೆ ಮಾಡಿಸಿ ವರದಿಯ ನಕಲು ನೀಡಬೇಕೆಂದು ಕೋರುತ್ತೇವೆ.'

ಕೆಳಗೆ ಬೀದಿಯವರ ಸಹಿ. ಹೆಂಗಸರ ಸಹಿ ಇರಲೇಬೇಕು, ನೀರು ಹಿಡಿಯುವವರು ಅವರೇ. ಪ್ರತಿಗಳನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೂ ಕಳಿಸಿ. ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.

ದುಡ್ಡಿಲ್ಲ ಅನ್ನುವ ಉತ್ತರ ಬರಬಹುದು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿದ್ದರು. ಆ ಹಣ ಯಾವ ಕಾಮಗಾರಿಗೆ ಹೋಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಆಗಲೂ ಕೆಲಸ ಆಗದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಕೊನೆಗೆ ಮಾಹಿತಿ ಹಕ್ಕು ಇದ್ದೇ ಇದೆ: 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಟ್ಯಾಂಕ್ ತೊಳೆದ ದಿನಾಂಕಗಳ ರಿಜಿಸ್ಟರ್, ಬ್ಲೀಚಿಂಗ್ ಪುಡಿ ಖರೀದಿಯ ಬಿಲ್ಲು, ಕಳೆದ ಎರಡು ವರ್ಷದ ನೀರಿನ ಪರೀಕ್ಷಾ ವರದಿ, ಈ ಮೂರರ ನಕಲು ಕೇಳಿ.